ಹಾಲ್ ಬಾಗಿಲ ಫೋಟೋಗೆ ಜಾಗ ಹುಡುಕಿಕೊಂಡು

ನಿಮಗೂ ಹೀಗಾಗಿದೆಯಾ? ಯಾರೋ ಹಾಕಿದ ರೀಲ್ಸ್ ನೋಡಿ, ಅದರಲ್ಲಿ ಕಂಡ ಜಾಗವನ್ನೇ ಹುಡುಕಿಕೊಂಡು ಘಾಟಿ ಇಳಿದು, ಹೊಟ್ಟೆ ತೊಳಸಿಕೊಂಡು, ಬಿಸಿಲಲ್ಲಿ ಹೋಗಿ ನಿಂತರೆ ಅಲ್ಲಿ ರೀಲ್ಸಿನ ಕಡಲೇ ಇಲ್ಲ. ಇರುವುದು ಒಂದು ಸಾಲು. ಒಂದೇ ಕಲ್ಲಿನ ಮೇಲೆ ಒಂದೇ ಥರ ಕಾಲಿಟ್ಟು ಫೋಟೋ ತೆಗೆಸಿಕೊಳ್ಳಲು ಕಾಯುತ್ತಿರುವ ಜನರ ಸಾಲು. ನೀವೂ ಸಾಲಲ್ಲಿ ನಿಂತು, ತೆಗೆಸಿಕೊಂಡು, ಮನೆಗೆ ಬಂದು ನೋಡಿದರೆ ನಿಮ್ಮ ಹಿಂದೆ ಬೇರೆ ಯಾರದೋ ಕೊಡೆ.

ನನಗೆ ಆಗಿದೆ. ಒಂದೇ ದಿನದಲ್ಲಿ ಮತ್ತೆ ಮತ್ತೆ ಆಗಿದೆ. ಆದರೆ ಆ ದಿನ ಮುಗಿದ ರೀತಿಗೆ ನಾನು ಇವತ್ತಿಗೂ ಎದೆ ಉಬ್ಬಿಸಿಕೊಂಡು ಓಡಾಡುತ್ತೇನೆ. ಅದನ್ನು ಹೇಳಿಬಿಡುತ್ತೇನೆ, ಜಂಬ ಅಂದರೂ ಪರವಾಗಿಲ್ಲ.

ಈ ಪುಟಕ್ಕೆ ಹೊಸದಾಗಿ ಬಂದವರಿಗೆ ನನ್ನ ಪರಿಚಯ. ನಾನು ವಯನಾಡಿನವಳು. ಹುಟ್ಟಿದ್ದು ಕೊಳವಳ್ಳಿಯಲ್ಲಿ, ಕಬಿನಿ ಹೊಳೆಯ ಈಚೆ ದಡ. ಈಚೆ ನಿಂತು ಕೂಗಿದರೆ ಆಚೆ ಕರ್ನಾಟಕ ಓಗೊಡುತ್ತದೆ. ಮದುವೆಯಾಗಿ ಬಂದದ್ದು ಕೇಣಿಚಿರಕ್ಕೆ. ಜಂಕ್ಷನ್ನಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳಂ, ಕೋಪ ಬಂದರೆ ಎರಡೂ. ಬ್ಲೌಸ್ ಹೊಲಿದು ಹೊಲಿದು ಒಂದು ಕ್ಯಾಮೆರಾ ಕೊಂಡೆ. ಹೊಳೆ, ಗದ್ದೆ, ನಮ್ಮವರ ಮುಖ ತೆಗೆದು ಇಲ್ಲಿ ಹಾಕುತ್ತೇನೆ. ಇಷ್ಟೇ ನನ್ನ ಬಂಡವಾಳ.

ನಮ್ಮಕ್ಕನ ಮಗಳಿಗೆ ಮಾನಂದವಾಡಿಯಲ್ಲಿ ಗಂಡು ಗೊತ್ತಾಯಿತು. ಅವರದೂ ನಮ್ಮ ಹಾಗೆ ಕರ್ನಾಟಕದ ಕಡೆಯಿಂದ ಬಂದು ನೆಲೆ ನಿಂತ ಮನೆತನ, ಈಗ ಪೇಟೆಯಲ್ಲಿ ಬಟ್ಟೆ ಅಂಗಡಿ. ಹುಡುಗ ಸಾಧು. ಅಂಗಡಿ ನಡೆಸುವುದು, ಮನೆ ನಡೆಸುವುದು, ಅವನನ್ನು ನಡೆಸುವುದು ಎಲ್ಲ ಅವನ ಅಕ್ಕ. ನಿಶ್ಚಿತಾರ್ಥದ ದಿನ ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವಾಗ ಆಕೆ ಮಾತು ತೆಗೆದರು.

"ಮದ್ವೆ ಹಾಲ್ ಬಾಗ್ಲಲ್ಲಿ ಆಳೆತ್ತರಕ್ಕೆ ಒಂದು ಫೋಟೋ ನಿಲ್ಲಿಸ್ಬೇಕು. ಈಗ ಎಲ್ಲರೂ ಕಡಲಿಗೆ ಹೋಗಿ ತೆಗಿಸ್ತವ್ರೆ. ತಲಶ್ಶೇರೀಲಿ ಒಂದು ಸ್ಟುಡಿಯೋದವ್ರಿಗೆ ಹೇಳಾನ ಅಂತಿದೀವಿ."

ನಮ್ಮ ಹುಡುಗಿ ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತವಳು ಎತ್ತಿದಳು. "ಸ್ಟುಡಿಯೋ ಬ್ಯಾಡ ಅತ್ಗೆ. ನಮ್ ಚಿಕ್ಕವ್ವ ತೆಗೀತಾರೆ."

"ನಿಮ್ ಚಿಕ್ಕವ್ವ ಬ್ಲೌಸ್ ಹೊಲಿಯೋದು ಗೊತ್ತು. ಫೋಟೋನೂ ಹೊಲೀತಾರಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದೆ ಏನು ಮಾಡಲಿ. ಹುಡುಗಿ ನಗಲಿಲ್ಲ. "ಬಾಗ್ಲಲ್ಲಿ ನಿಲ್ಲೋಳು ನಾನು ಅತ್ಗೆ. ನನ್ ಮೊಖ ಅವ್ರಿಗೆ ಗೊತ್ತು."

ಹುಡುಗನ ಅಕ್ಕ ಎಲೆಯ ತೊಟ್ಟು ಮುರಿಯುತ್ತಾ ತೀರ್ಪು ಕೊಟ್ಟರು. "ಸರಿ ಕಣವ್ವ. ಒಂದು ದಿನ ಎಲ್ಲ ಹೋಗಿ ಬರಾನ. ನಾನೂ ಬತ್ತೀನಿ. ಸಂಜೆ ಒಳಗೆ ಬಾಗ್ಲಿಗೆ ನಿಲ್ಸೋವಂಥದ್ದು ಒಂದು ಸಿಕ್ಕಿದ್ರೆ ಆಯ್ತು. ಇಲ್ದಿದ್ರೆ ಮಾರನೆ ದಿನ ಸ್ಟುಡಿಯೋಗೆ ಫೋನು. ಆಮೇಲೆ ಯಾರೂ ಮೊಖ ಊದಿಸ್ಬಾರ್ದು."

ನನಗೆ ಚಿಂತೆಯಾದದ್ದು ಫೋಟೋದ ಬಗ್ಗೆ ಅಲ್ಲ. ಕಾಲಿಡಬೇಕಾದ ಮನೆಯವರ ಎದುರು ಹುಡುಗಿ ಆಡಿದ ಮೊದಲ ಮಾತು ಅದು. ಮೊದಲ ಮಾತೇ ಬಿದ್ದುಹೋದರೆ ಆಮೇಲೆ ಅವಳು ಸಾರಿಗೆ ಉಪ್ಪು ಸಾಕು ಅಂದರೂ, "ನಿಮ್ಮ ಚಿಕ್ಕವ್ವನ ಫೋಟೋ ಥರಾನಾ" ಅನ್ನುತ್ತಾರೆ. ಮನೆಗಳು ಹೇಗಿರುತ್ತವೆ ಅಂತ ನನಗೆ ಗೊತ್ತು, ನಾನೂ ಒಂದು ಮನೆಗೆ ಸೊಸೆಯಾಗಿ ಬಂದವಳೇ.

ಬೇಸಿಗೆ ಶುರುವಾಗುವ ಹೊತ್ತು. ಬೆಳಗಿನ ಮಂಜು ಬಿಡುವ ಮೊದಲೇ ಹುಡುಗ ಕಾರು ತಂದ. ಮುಂದೆ ಅವನೂ ಅವನ ಅಕ್ಕನೂ, ಹಿಂದೆ ನಾನೂ ಹುಡುಗಿಯೂ. ನಮ್ಮಿಬ್ಬರ ನಡುವೆ ನಮ್ಮಕ್ಕ ಕಟ್ಟಿಕೊಟ್ಟ ಟಿಫಿನ್ ಕ್ಯಾರಿಯರ್, ಅದಕ್ಕೂ ಒಂದು ಸೀಟು. ಮಾನಂದವಾಡಿ ದಾಟಿ ನೆಡುಂಪೊಯಿಲ್ ಘಾಟಿ ಇಳಿಯುವಾಗ ಹುಡುಗನ ಅಕ್ಕ ನಿಂಬೆಹಣ್ಣು ಮೂಸುತ್ತಾ ಫೋನಿನಲ್ಲಿ ಒಂದೊಂದೇ ರೀಲ್ಸ್ ತೋರಿಸಿದರು. ಹೋಗಬೇಕಾದ ಜಾಗಗಳನ್ನೆಲ್ಲ ಆಕೆ ಆಗಲೇ ಆರಿಸಿ ಇಟ್ಟುಕೊಂಡಿದ್ದರು. ಬಟ್ಟೆ ಅಂಗಡಿಯವರು ನೋಡಿ, ಮಾಲು ಆರಿಸುವುದು ಅವರ ಕಸುಬು.

ಮೊದಲನೆಯದು ಲೈಟ್‌ಹೌಸ್. ಅಲ್ಲಿದ್ದದ್ದು ಆ ಸಾಲು. ನಮ್ಮ ಸರದಿ ಬರುವ ಹೊತ್ತಿಗೆ ಹುಡುಗಿಯ ಮುಡಿಯ ಮಲ್ಲಿಗೆ ಬಾಡಿ ದಾರ ಕಾಣುತ್ತಿತ್ತು. ಎರಡನೆಯದು ಕೋಟೆ ಗೋಡೆ. ಸೂರ್ಯ ನೆತ್ತಿಯ ಮೇಲೆ ಬಂದಿದ್ದ, ಕಣ್ಣಿರುವ ಜಾಗದಲ್ಲಿ ಇಬ್ಬರಿಗೂ ಎರಡೆರಡು ಕಪ್ಪು ಗುಳಿ. ತೆಗೆದದ್ದನ್ನು ತೋರಿಸಿದೆ.

"ಮದ್ವೆ ಫೋಟೋನಾ ಇದು? ಪೊಲೀಸ್ನೋರು ಹುಡುಕ್ತಿರೋರ ಥರ ಅವ್ರೆ," ಅಂದರು ಹುಡುಗನ ಅಕ್ಕ. ತಪ್ಪೇನೂ ಹೇಳಲಿಲ್ಲ. ಹಾಗೇ ಇತ್ತು.

ಮೂರನೆಯದು ಮರಳಿನ ಮೇಲೆ ಕಾರು ಓಡಿಸಬಹುದಾದ ಕಡಲ ದಂಡೆ. ಇಲ್ಲಿ ನಮ್ಮ ಸಾಧು ಹುಡುಗನಿಗೆ ಮೈಮೇಲೆ ಬಂತು. ಆ ತುದಿಯಿಂದ ಈ ತುದಿಗೆ ಓಡಿಸಿದ, ಮತ್ತೆ ಓಡಿಸಿದ. ನಾನು ತೆಗೆದೆ. ಕಾರು ಚೆನ್ನಾಗಿ ಬಂತು. ಗಾಜಿನ ಹಿಂದೆ ಎಲ್ಲೋ ಇಬ್ಬರು ಮನುಷ್ಯರೂ ಇದ್ದರು.

"ಕಾರಿನ ಮದ್ವೆಗೆ ಆಯ್ತು, ಬುಡು," ಅಂದಳು ನಮ್ಮ ಹುಡುಗಿ. ಬಾಯಲ್ಲಿ ತಮಾಷೆ, ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಚಿಕ್ಕಂದಿನಿಂದ ನೋಡಿದ್ದೇನೆ, ಭಯವಾದರೆ ಹಾಗೆ ಮಾಡುತ್ತಾಳೆ.

ಆಗ ನಾನು ಹೇಳಿದೆ, ರೀಲ್ಸ್ ಸಾಕು, ಇನ್ನು ನನ್ನ ಥರ ಹುಡುಕುತ್ತೇನೆ ಅಂತ.

ನನ್ನ ಥರ ಅಂದರೆ ಏನು ಅಂತ ಹೇಳಬೇಕು. ಕೊಳವಳ್ಳಿಯಲ್ಲಿ ಗದ್ದೆ ಕಾಯಲು ಮರದ ಮೇಲೆ ಅಟ್ಟಣೆ ಕಟ್ಟುತ್ತಾರೆ, ನಾವು ಏರುಮಾಡ ಅನ್ನುತ್ತೇವೆ. ಆನೆ ಕಾಯುವುದು ಗಂಡಸರು. ಹಗಲಲ್ಲಿ ಗಿಳಿ, ನವಿಲು, ಕೋತಿ ಕಾಯುವುದು ನಮ್ಮಂಥ ಹೆಣ್ಣುಮಕ್ಕಳು. ಏರುಮಾಡಕ್ಕೆ ಮರ ಆರಿಸುವಾಗ ಯಾರೂ ನಿಂತು ನೋಡುವುದಿಲ್ಲ. ಕೂತು ನೋಡುತ್ತಾರೆ. ಒಂದು ಕಡೆ ಕುಕ್ಕರಗಾಲಲ್ಲಿ ಕೂತು, ಬಿಸಿಲು ಎಲ್ಲಿಂದ ಬರುತ್ತದೆ, ಗಾಳಿ ಎತ್ತ ಹೋಗುತ್ತದೆ, ಕಣ್ಣಿಗೆ ಏನು ಅಡ್ಡ ಬರುತ್ತದೆ ಅಂತ ನೋಡಿ, ಸರಿ ಕಾಣದಿದ್ದರೆ ಎದ್ದು ಇನ್ನೊಂದು ಕಡೆ ಕೂರುತ್ತಾರೆ. ಫೋಟೋಗೆ ಜಾಗ ಹುಡುಕುವಾಗ ನಾನು ಮಾಡುವುದೂ ಅದೇ. ಜೊತೆಗೆ ಇನ್ನೊಂದು. ಆ ಊರಿನವರನ್ನು, ಇಲ್ಲಿ ಚೆಂದದ ಜಾಗ ಯಾವುದು ಅಂತ ಕೇಳುವುದಿಲ್ಲ. ಕೇಳಿದರೆ ಬೋರ್ಡು ಹಾಕಿರುವ ಜಾಗ ತೋರಿಸುತ್ತಾರೆ. ಕೆಲಸ ಮುಗಿದ ಮೇಲೆ ನೀವು ಎಲ್ಲಿ ಹೋಗಿ ಕೂರುತ್ತೀರಿ ಅಂತ ಕೇಳುತ್ತೇನೆ.

ಹಾಗಾಗಿ ಕಡಲ ಪಕ್ಕದ ಸಣ್ಣ ರಸ್ತೆ ಹಿಡಿದು, ಅಲ್ಲಲ್ಲಿ ಇಳಿದು, ಕೂತು, ಎದ್ದು, ಮತ್ತೆ ಕಾರು ಹತ್ತಿ ಹೊರಟೆವು. ಒಂದು ಸೇತುವೆಯ ಬುಡದಲ್ಲಿ ಕೂತೆ, ತಂತಿಗಳು ಅಡ್ಡ ಬಂದವು. ಒಂದು ತೆಂಗಿನ ತೋಟದಲ್ಲಿ ಕೂತೆ, ಎಲ್ಲ ಚೆನ್ನಾಗಿತ್ತು, ಮೀನು ಒಣಹಾಕಿದ ವಾಸನೆಗೆ ಹುಡುಗನ ಅಕ್ಕ ಕಾರಿಂದ ಇಳಿಯಲೇ ಇಲ್ಲ. ಗಾಜು ಇಳಿಸಿ ತಮ್ಮನಿಗೆ ಹೇಳಿದ್ದು ನನಗೂ ಕೇಳಿಸಿತು, ಕೇಳಿಸಲಿ ಅಂತಲೇ ಹೇಳಿದ್ದು.

"ಇದೇನ್ಲಾ, ನಿನ್ ಹೆಂಡ್ತಿ ಚಿಕ್ಕವ್ವ ಹೋದಲ್ಲೆಲ್ಲ ಮೊಟ್ಟೆಗೆ ಜಾಗ ಹುಡ್ಕೋ ಕೋಳಿ ಥರ ಕೂತ್ಕತಾರೆ. ಮೊಟ್ಟೆ ಯಾವಾಗ ಇಡ್ತಾರೆ ಕೇಳು."

"ಇಡ್ತಾರೆ ಇರಕ್ಕ," ಅಂದ ಹುಡುಗ.

ಒಂದು ಚಾಯದಂಗಡಿ ಸಿಕ್ಕಿತು. ಅಂಗಡಿಯ ಅಕ್ಕನನ್ನು ಮಲಯಾಳಂನಲ್ಲಿ ಕೇಳಿದೆ, ಅಂಗಡಿ ಮುಚ್ಚಿದ ಮೇಲೆ ನೀವು ಎಲ್ಲಿ ಕೂರುತ್ತೀರಿ ಚೇಚಿ? ಆಕೆ ಗ್ಲಾಸು ತೊಳೆಯುತ್ತಲೇ ಗದ್ದದಿಂದ ತೋರಿಸಿದಳು. ಅಂಗಡಿಯ ಹಿಂದೆ ಕೇದಗೆಯಂಥ ಮುಂಡಗ ಪೊದೆಗಳ ನಡುವೆ ಒಬ್ಬರೇ ಹೋಗುವಷ್ಟು ಕಾಲುದಾರಿ.

ಆಚೆ ಹೋಗಿ ನೋಡಿದೆ. ತೆಂಕಕ್ಕೆ ಬಾಯಿ ತೆರೆದ ಸಣ್ಣದೊಂದು ಕೊಲ್ಲಿ, ಜನ ಇಲ್ಲ. ಮರಳಿನಿಂದ ಒಂದಷ್ಟು ದೂರದಲ್ಲಿ ಕಪ್ಪು ಬಂಡೆಯ ಹಾಸು, ಅಂಗಳದಷ್ಟು ಅಗಲ. ನಡುವಿನ ನೆಲವೆಲ್ಲ ಒದ್ದೆ ಮರಳು, ಅಲ್ಲಲ್ಲಿ ತಟ್ಟೆಯಲ್ಲಿ ಹಿಡಿದಿಟ್ಟ ಹಾಗೆ ನೀರು, ಅದರಲ್ಲಿ ಆಕಾಶ. ಸೂರ್ಯ ಇನ್ನೂ ಮೇಲಿದ್ದ. ಆದರೆ ಇಳಿದ ಮೇಲೆ ಬೆಳಕು ಪಕ್ಕದಿಂದ ಬರುತ್ತದೆ, ಮುಖ ಕಪ್ಪಾಗುವುದಿಲ್ಲ ಅಂತ ಕೂತ ತಕ್ಷಣ ಗೊತ್ತಾಯಿತು.

"ಇಲ್ಲೇ," ಅಂದೆ. "ಬೆಳಕು ಇಳಿಯೋಗಂಟ ಕಾಯಾನ."

ನಾಲ್ವರೂ ಕಾಲು ಒದ್ದೆಯಾಗದ ಹಾಗೆ ನಡೆದುಕೊಂಡು ಬಂಡೆಗೆ ಹೋದೆವು. ಬೇಸಿಗೆಯಲ್ಲಿ ನಮ್ಮ ಹೊಳೆಯ ಬಂಡೆಗಳ ಮೇಲೆ ಹೇಗೆ ಕೂರುತ್ತೇವೋ ಹಾಗೇ ಸಂಸಾರ ಹೂಡಿದೆವು. ಚಪ್ಪಲಿ ಕೆಳಗಿನ ಕಲ್ಲಿನ ಮೇಲೆ, ಬಟ್ಟೆಯ ಚೀಲ ಮೇಲೆ ನಮ್ಮ ಪಕ್ಕ. ಕ್ಯಾರಿಯರ್ ಬಿಚ್ಚಿ ಚಿತ್ರಾನ್ನ, ಬೇಯಿಸಿದ ಮೊಟ್ಟೆ. ಅಷ್ಟು ಹೊತ್ತಿಗೆ ಎಲ್ಲರಿಗೂ ಹಸಿವೋ ಹಸಿವು. ಮೊಟ್ಟೆ ಕಂಡು ಹುಡುಗ, "ನೋಡಕ್ಕ, ಇಟ್ರು," ಅಂದ. ಆ ದಿನ ಮೊದಲ ಸಲ ಹುಡುಗನ ಅಕ್ಕ ನಕ್ಕರು.

ಊಟವಾದ ಮೇಲೆ ಒಂದಷ್ಟು ತೆಗೆದೆ. ಹುಡುಗಿ ಹುಡುಗ ಪಕ್ಕಪಕ್ಕ, ಎದುರುಬದುರು, ಬೆನ್ನಿಗೆ ಬೆನ್ನು. ಚೆನ್ನಾಗೇ ಇದ್ದವು. ಹುಡುಗನ ಅಕ್ಕ ಒಂದೊಂದನ್ನೇ ನೋಡಿ, ಸೀರೆಯ ಮಡಿಕೆ ಬಿಚ್ಚಿ ನೋಡಿ ಪಕ್ಕಕ್ಕೆ ಇಡುವ ಗಿರಾಕಿಯ ಹಾಗೆ, "ಹೂಂ" ಅಂದರು. "ಚೆನ್ನಾಗವೆ ಅಕ್ಕಾ. ಆದ್ರೆ ಇಂಥವು ಎಲ್ಲಾ ಬಾಗ್ಲಲ್ಲೂ ಅವೆ." ಅದೂ ನಿಜವೇ. ಬೆಳಕು ಇಳಿಯಲಿ, ಬೇರೆ ಥರ ಬರುತ್ತದೆ ಅಂದೆ. ಮಂಡಿ ತಬ್ಬಿ ಪಡುವಣದ ಕಡೆ ನೋಡುತ್ತಾ ಕೂತೆವು. ಹುಡುಗ ಬಂಡೆಯ ಮೇಲೆ ಅಡ್ಡಾಗಿ ನಿದ್ದೆಹೋದ.

ಈಗ ಕರಾವಳಿಯವರು ನಗಲು ಸಿದ್ಧರಾಗಿ.

ನಮ್ಮ ಹೊಳೆಯಲ್ಲಿ ಬೇಸಿಗೆಗೆ ಇಳಿದ ನೀರು ಮಳೆ ಬರುವ ತನಕ ಇಳಿದೇ ಇರುತ್ತದೆ. ಇಳಿದ ಜಾಗದಲ್ಲಿ ಹುಲ್ಲು ಬರುತ್ತದೆ, ದನ ಮೇಯುತ್ತವೆ. ಬರಿಗಾಲಲ್ಲಿ ಕರ್ನಾಟಕಕ್ಕೆ ಹೋಗಿ ನೆಂಟರ ಮನೆಯಲ್ಲಿ ಊಟ ಮಾಡಿಕೊಂಡು ಬರುತ್ತೇವೆ. ಒಣಗಿದ ನೆಲ ಕಂಡರೆ ಅದು ನಮ್ಮದು ಅಂತಲೇ ಲೆಕ್ಕ. ಸಮುದ್ರದ ನೀರು ದಿನಾ ಏರುತ್ತದೆ, ಇಳಿಯುತ್ತದೆ ಅಂತ ನಾವು ಓದಿಲ್ಲ ಅಂದುಕೊಳ್ಳಬೇಡಿ. ಶಾಲೆಯಲ್ಲಿ ನಾಲ್ವರೂ ಓದಿದ್ದೇವೆ. ನಾನಂತೂ ಪರೀಕ್ಷೆಯಲ್ಲಿ ಚಂದ್ರನ ಚಿತ್ರ ಸಮೇತ ಬರೆದಿದ್ದೇನೆ. ಓದಿದ್ದು ತಲೆಯಲ್ಲಿತ್ತು, ಕೂತಿದ್ದ ಮೈ ಮಾತ್ರ ಕೊಳವಳ್ಳಿಯದು.

ದಡದಲ್ಲಿ ಬಲೆ ಹೆಣೆಯುತ್ತಿದ್ದ ಒಬ್ಬಾತ ಎದ್ದು ನಿಂತು ಕೂಗಿದ. "ಚೇಚೀ, ವೆಳ್ಳಂ ಕೇರುನ್ನುಂಡ್." ನೀರು ಏರುತ್ತಿದೆ.

ತಿರುಗಿ ನೋಡಿದರೆ ನಾವು ನಡೆದುಬಂದ ಮರಳು ಇಲ್ಲ. ಬಂಡೆಗೂ ದಡಕ್ಕೂ ನಡುವೆ ನೀರು, ಸದ್ದಿಲ್ಲದೆ ಬಂದು ತನ್ನ ಜಾಗದಲ್ಲಿ ಕೂತಿದೆ. ಕೆಳಗಿನ ಕಲ್ಲಿನ ಮೇಲಿಟ್ಟಿದ್ದ ಚಪ್ಪಲಿಗಳಲ್ಲಿ ಹುಡುಗನ ಅಕ್ಕನ ಹೊಸ ಜೋಡಿ ಜೊತೆಯಾಗಿ ತೇಲಿಕೊಂಡು ಹೊರಟಿತ್ತು.

"ನಿಂಗಳ್ ಎವಿಡುನ್ನಾ?" ಅಂತ ಕೇಳಿದ ಬಲೆಯವನು. ಎಲ್ಲಿಂದ ಬಂದವರು ಅಂತ.

"ವಯನಾಡ್," ಅಂದೆ.

ಆತ ಎಲ್ಲ ತಿಳಿದವನ ಹಾಗೆ ನಿಧಾನವಾಗಿ ತಲೆಯಾಡಿಸಿದ. ನಡುವೆ ಕೈ ತೋರಿಸಿ, ಅಲ್ಲಿ ಮರಳೇ ಇದೆ, ಸೊಂಟದವರೆಗೂ ಬರುವುದಿಲ್ಲ, ಈಗಲೇ ಬನ್ನಿ ಅಂದ.

ನಾನು ಕ್ಯಾಮೆರಾ ಚೀಲವನ್ನು ತಲೆಯ ಮೇಲಿಟ್ಟು ಮೊದಲು ಇಳಿದೆ. ಮಂಡಿ, ಮಂಡಿಗಿಂತ ಸ್ವಲ್ಪ ಮೇಲೆ, ಅಷ್ಟೇ. ನನ್ನ ಹಿಂದೆ ಹುಡುಗ, ಬಟ್ಟೆ ಚೀಲ ಹೆಗಲಿಗೆ, ಕ್ಯಾರಿಯರ್ ತಲೆಗೆ. ನಾನು ದಡ ಮುಟ್ಟಿ ತಿರುಗಿದೆ. ಹುಡುಗನ ಅಕ್ಕ ಬಂಡೆಯ ಮೇಲೇ ನಿಂತಿದ್ದರು.

"ನಾನ್ ಇಳಿಯಾಕಿಲ್ಲ," ಅಂತ ಕೂಗಿದರು. "ಹೊಳೇಗೇ ಕಾಲಿಟ್ಟೋಳಲ್ಲ ನಾನು."

ಅಂಗಡಿಯಲ್ಲಿ ಇಡೀ ಪೇಟೆಯನ್ನು ಕೂರಿಸಿ ನಿಲ್ಲಿಸುವ ಹೆಂಗಸಿನ ದನಿ ಅದಲ್ಲ. ಹುಡುಗ ಕ್ಯಾರಿಯರ್ ಹೊತ್ತುಕೊಂಡೇ ನಡುನೀರಲ್ಲಿ ನಿಂತುಬಿಟ್ಟ. ಮುಂದೆ ಬರಬೇಕೋ ಹಿಂದೆ ಹೋಗಬೇಕೋ ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ನಮ್ಮ ಹುಡುಗಿ ನಿಶ್ಚಿತಾರ್ಥದ ರೇಷ್ಮೆಸೀರೆಯನ್ನು ನೆರಿಗೆ ಸಮೇತ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು, ನಾಟಿಗೆ ಇಳಿಯುವ ಹಾಗೆ. ನೀರಿಗೆ ಇಳಿದು ಕೈ ಚಾಚಿದಳು.

"ಕೈ ಕೊಡಿ ಅತ್ಗೆ. ಬೆರಳಲ್ಲ, ಇಲ್ಲಿ."

ಹೊಳೆ ದಾಟಿಸುವಾಗ ನಾವು ಅಂಗೈ ಹಿಡಿಯುವುದಿಲ್ಲ. ಅಂಗೈ ಒದ್ದೆಯಾದರೆ ಜಾರುತ್ತದೆ. ಇವಳ ಕೈ ಅವಳ ಮಣಿಕಟ್ಟಿಗೆ, ಅವಳ ಕೈ ಇವಳ ಮಣಿಕಟ್ಟಿಗೆ. ಒಬ್ಬಳು ಬಿಟ್ಟರೂ ಇನ್ನೊಬ್ಬಳು ಹಿಡಿದಿರುತ್ತಾಳೆ. ಎದುರಿಗೆ ನಡೆಯುವುದಿಲ್ಲ, ಪಕ್ಕಕ್ಕೆ ಹೆಜ್ಜೆ. ಮೊದಲು ಕಾಲಿನ ಬೆರಳು ನೆಲ ಕೇಳಬೇಕು, ಆಮೇಲೆ ಹಿಮ್ಮಡಿ. ನೀರನ್ನು ನೋಡಬಾರದು, ಜೊತೆಯವಳ ಮುಖ ನೋಡಬೇಕು. ನಮ್ಮಕ್ಕ ನನ್ನನ್ನು ದಾಟಿಸಿದ್ದು ಹೀಗೆ, ನಾನು ಈ ಹುಡುಗಿಯನ್ನು ದಾಟಿಸಿದ್ದು ಹೀಗೆ.

"ನೀರ್ ನೋಡ್ಬ್ಯಾಡಿ. ನನ್ ಮೊಖ ನೋಡಿ."

"ನಿನ್ ಮೊಖ ನೋಡಿದ್ರೆ ನೀರು ಕಮ್ಮಿ ಆದದೇನೆ?"

"ಕಮ್ಮಿ ಆಗಲ್ಲ. ನಿಮ್ಗೆ ಕಾಣಲ್ಲ ಅಷ್ಟೇ."

ನಾನು ಆಗಲೇ ಕೂತಿದ್ದೆ. ಯಾವಾಗ ಕೂತೆ, ಕ್ಯಾಮೆರಾ ಯಾವಾಗ ಹೊರಗೆ ತೆಗೆದೆ, ನೆನಪಿಲ್ಲ. ಬೆಳಕು ಇಳಿದು ಪಕ್ಕದಿಂದ ಬರುತ್ತಿತ್ತು. ಇಬ್ಬರ ಅರ್ಧ ಮುಖಕ್ಕೆ ಅರಿಶಿನ ಹಚ್ಚಿದ ಹಾಗೆ. ಒಬ್ಬಳು ಪೂರ್ತಿ ಧೈರ್ಯ, ಒಬ್ಬರು ಪೂರ್ತಿ ಭಯ, ನಡುವೆ ಎರಡು ಮಣಿಕಟ್ಟು, ಬಳೆಗೆ ಬಳೆ ತಾಗಿಕೊಂಡು. ಒಂದು ಮೂಲೆಯಲ್ಲಿ ಮದುಮಗ, ತಲೆಯ ಮೇಲೆ ಕ್ಯಾರಿಯರ್, ಇಬ್ಬರನ್ನೂ ಬಾಯಿ ತೆರೆದು ನೋಡುತ್ತಾ. ಒತ್ತಿದೆ.

ದಡ ಹತ್ತಿ, ಸೀರೆ ಹಿಂಡಿ, ಆಮೇಲೆ ಎಲ್ಲರೂ ಕಾರಿನಲ್ಲಿ ಕೂತೆವು. ಸಂಜೆಯಾಗಿತ್ತು. ಬಂಡೆ ಮುಳುಗಿತ್ತು, ಇನ್ನು ತೆಗೆಯಲು ಜಾಗವಿಲ್ಲ. ನಾಳೆ ಸ್ಟುಡಿಯೋಗೆ ಫೋನು ಅನ್ನುವುದು ನಾಲ್ವರ ತಲೆಯಲ್ಲೂ ಓಡುತ್ತಿತ್ತು. ಹುಡುಗಿ ಮತ್ತೆ ಸೆರಗು ಸುತ್ತಲು ಶುರುಮಾಡಿದ್ದಳು. ಹುಡುಗನ ಅಕ್ಕ ಈ ಸಲ ಮುಂದೆ ಕೂರದೆ ಹಿಂದೆ ಬಂದು ಅವಳ ಪಕ್ಕ ಕೂತಿದ್ದರು. ನಾನು ಮುಂದಿನ ಸೀಟಿನಿಂದ ಕ್ಯಾಮೆರಾ ಆನ್ ಮಾಡಿ ಹಿಂದಕ್ಕೆ ಕೊಟ್ಟೆ.

ಘಾಟಿ ಹತ್ತುವವರೆಗೂ ಆಕೆ ಅದನ್ನು ಕೆಳಗಿಡಲಿಲ್ಲ. ದೊಡ್ಡದು ಮಾಡಿ ಮುಖ ನೋಡಿದರು, ಮಣಿಕಟ್ಟು ನೋಡಿದರು. ನಿಂಬೆಹಣ್ಣು ಮೂಸುವುದೂ ಮರೆತಿತ್ತು.

"ನನ್ ಮೊಖ ನೋಡು. ಬೆದರಿದ ಕೋಳಿ."

ಆಮೇಲೆ ತಮ್ಮ ಮಣಿಕಟ್ಟನ್ನು ಹುಡುಗಿಯ ಮುಂದೆ ಹಿಡಿದರು.

"ಕೈ ಬುಡಲೇ ಇಲ್ಲ ಕಣೆ ನೀನು. ಬಳೆ ಒತ್ತಿರೋ ಗುರುತು ಇನ್ನೂ ಅದೆ."

"ಬುಟ್ಟಿದ್ರೆ ಸ್ಟುಡಿಯೋಗೆ ಯಾರ್ ಫೋನ್ ಮಾಡ್ತಿದ್ರು ಅತ್ಗೆ?" ಅಂದಳು ನಮ್ಮ ಹುಡುಗಿ.

ಆಕೆ ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು. ನಕ್ಕು ಮುಗಿಸಿ ಕ್ಯಾಮೆರಾ ನನ್ನ ಕೈಗೆ ಕೊಟ್ಟರು. "ಇದೇ ಬಾಗ್ಲಿಗೆ."

"ಅಕ್ಕ, ನಾನು ತಲೆ ಮೇಲೆ ಕ್ಯಾರಿಯರ್ ಹೊತ್ಕಂಡಿದೀನಿ," ಅಂದ ಹುಡುಗ.

"ಹೊತ್ತು ರೂಢಿ ಮಾಡ್ಕ."

ಮದುವೆಯ ದಿನ ಮಾನಂದವಾಡಿಯ ಹಾಲ್ ಬಾಗಿಲಲ್ಲಿ ಅದು ಆಳೆತ್ತರಕ್ಕೆ ನಿಂತಿತ್ತು. ಬಂದವರು ಒಳಗೆ ಹೋಗದೆ ಅಲ್ಲೇ ನಿಲ್ಲುತ್ತಿದ್ದರು. ಮದುಮಗನ ಗೆಳೆಯರು, ಅಡುಗೆ ಗುತ್ತಿಗೆಯೂ ನಿಂದೇನಾ ಅಂತ ಅವನನ್ನು ಕಾಡಿದರು. ವಿಡಿಯೋ ತೆಗೆಯಲು ಬಂದಿದ್ದ ಹುಡುಗರು ಲೊಕೇಶನ್ ಕಳಿಸಿ ಚೇಚಿ ಅಂತ ನನ್ನ ಹಿಂದೆ ಬಿದ್ದರು. ಹುಡುಗನ ಅಕ್ಕ ಬಾಗಿಲಲ್ಲೇ ನಿಂತು ಪನ್ನೀರು ಚಿಮುಕಿಸುತ್ತಾ, ಕೇಳಿದವರಿಗೂ ಕೇಳದವರಿಗೂ ಒಂದೇ ಮಾತು ಹೇಳುತ್ತಿದ್ದರು. "ನಮ್ ಹುಡುಗಿ. ನನ್ನ ದಾಟಿಸ್ತಾ ಅವ್ಳೆ. ತೆಗೆದೋರು ಅವ್ಳ ಚಿಕ್ಕವ್ವ." ನಮ್ ಹುಡುಗಿ ಅಂದದ್ದನ್ನು ಗಮನಿಸಿ. ಮದುವೆಗೆ ಮೊದಲೇ ಅವಳು ಆ ಮನೆಯವಳಾಗಿಬಿಟ್ಟಿದ್ದಳು.

ಕೊಳವಳ್ಳಿಯಿಂದ ಬಂದ ನಮ್ಮ ಹೆಂಗಸರಿಗೆ ಅಷ್ಟು ವಿವರವೂ ಬೇಕಾಗಲಿಲ್ಲ. ಹಿಂದಿರುವ ಕಡಲನ್ನು ಅವರು ನೋಡಲೇ ಇಲ್ಲ. ಒಬ್ಬ ದೊಡ್ಡವ್ವ ಕನ್ನಡಕ ಸರಿಮಾಡಿಕೊಂಡು ನೇರ ಮಣಿಕಟ್ಟಿನ ಮೇಲೆ ಬೆರಳಿಟ್ಟರು. "ಸರಿಯಾಗಿ ಹಿಡ್ದವ್ಳೆ," ಅಂದರು. ನನಗೆ ಈ ಪುಟದಲ್ಲಿ ಬಂದ ಯಾವ ಹೃದಯದ ಗುರುತೂ ಅದರ ಮುಂದೆ ನಿಲ್ಲುವುದಿಲ್ಲ.

ಲೊಕೇಶನ್ ಮಾತ್ರ ನನ್ನನ್ನು ಕೇಳಬೇಡಿ. ಜಿಪುಣತನವಲ್ಲ. ಚಾಯದಂಗಡಿಯ ಚೇಚಿಗೆ ಅಂಗಡಿ ಮುಚ್ಚಿದ ಮೇಲೆ ಕೂರಲು ಒಂದು ಜಾಗ ಬೇಕು, ಅಲ್ಲೂ ಸಾಲು ನಿಲ್ಲಿಸುವುದು ನನಗೆ ಇಷ್ಟವಿಲ್ಲ. ನೀವು ನಿಮ್ಮ ಕಥೆ ಹೇಳಿ. ಹುಡುಕಿಕೊಂಡು ಹೋದ ಜಾಗ ಕೈಕೊಟ್ಟು, ಹುಡುಕದೇ ಇದ್ದ ಫೋಟೋ ಸಿಕ್ಕಿದ್ದು ನಿಮಗೆ ಎಲ್ಲಿ, ಆಗ ಜೊತೆಗೆ ಯಾರಿದ್ದರು? ಕೆಳಗೆ ಬರೆಯಿರಿ, ಫೋಟೋ ಇದ್ದರೆ ಹಾಕಿ. ತಲೆಯ ಮೇಲೆ ಕ್ಯಾರಿಯರ್ ಹೊತ್ತವರು ಯಾರಾದರೂ ಅದರಲ್ಲಿದ್ದರೆ, ನಮ್ಮ ಅಳಿಯನಿಗೆ ತೋರಿಸಬೇಕು. ಅವನು ಒಬ್ಬನೇ ಅಂದುಕೊಂಡಿದ್ದಾನೆ.